ಕನ್ಫರ್ಮೇಶನ್ ಕ್ಲಾಸಿನಲ್ಲಿ ವಿಶ್ವಾಸ ಪ್ರಮಾಣ ಕಲಿಸಿದ್ದು

ನಮ್ಮ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ ಕನ್ಫರ್ಮೇಶನ್ ಕ್ಲಾಸ್, ಅಂದರೆ ಮಕ್ಕಳು ತಮ್ಮ ನಂಬಿಕೆಯನ್ನು ತಾವೇ ಒಪ್ಪಿಕೊಳ್ಳುವ ವಿಧಿಗೆ ತಯಾರು ಮಾಡುವ ಕ್ಲಾಸ್ ತೆಗೆದುಕೊಳ್ಳಲು ಶುರು ಮಾಡಿ ಒಂಬತ್ತು ವರ್ಷ ಆಯಿತು. ಭಾನುವಾರ ಆರಾಧನೆ ಮುಗಿದ ಮೇಲೆ ಒಂದು ಗಂಟೆ, ಎಂಟೋ ಹತ್ತೋ ಮಕ್ಕಳು. ಮೊದಲೆರಡು ವರ್ಷ ಅಪೊಸ್ತಲರ ವಿಶ್ವಾಸ ಪ್ರಮಾಣವನ್ನು, ಅಂದರೆ ನಾವೇನು ನಂಬುತ್ತೇವೆ ಎಂದು ಆರಾಧನೆಯಲ್ಲಿ ಎಲ್ಲರೂ ಸೇರಿ ಹೇಳುವ ಮಾತುಗಳನ್ನು ಜೆರಾಕ್ಸ್ ಮಾಡಿಸಿ ಕೊಡುತ್ತಿದ್ದೆ, ಅವರು ಬಾಯಿಪಾಠ ಮಾಡಿಕೊಂಡು ಬಂದು ಒಪ್ಪಿಸುತ್ತಿದ್ದರು, ಅಲ್ಲಿಗೆ ಆಯಿತು. ಮೂರನೇ ವರ್ಷ ಒಬ್ಬ ಹುಡುಗಿ ಕೇಳಿದಳು: "ಟೀಚರ್, ಪೇತ್ರನ ಹೆಸರಿಲ್ಲ, ಪೌಲನ ಹೆಸರಿಲ್ಲ, ಪಿಲಾತನ ಹೆಸರು ಮಾತ್ರ ಪ್ರತಿ ವಾರ ಯಾಕೆ ಹೇಳ್ತೀವಿ? ಅವನು ಯೇಸುವನ್ನ ಶಿಲುಬೆಗೆ ಒಪ್ಪಿಸಿದವನಲ್ವಾ?"

ನನಗೆ ಗೊತ್ತಿರಲಿಲ್ಲ. ಮುಂದಿನ ವಾರ ಹೇಳ್ತೀನಿ ಅಂದೆ. ಆ ವಾರ ಓದಲು ಕೂತವಳು ಇನ್ನೂ ಓದುತ್ತಲೇ ಇದ್ದೇನೆ.

ಪಿಲಾತ ಅಲ್ಲಿರುವುದು ತಾರೀಖಿನ ಹಾಗೆ. ಹಳ್ಳಿಯಲ್ಲಿ ಹಿರಿಯರು "ಇಂಥ ಶಾನುಭೋಗರು ಇದ್ದಾಗ ನಡೆದದ್ದು" ಅನ್ನುತ್ತಾರಲ್ಲ, ಹಾಗೆ. ಅವನು ರೋಮಿನ ಅಧಿಪತಿಯಾಗಿ ಯೂದಾಯವನ್ನು ಆಳಿದ್ದು ಕ್ರಿ.ಶ. 26ರಿಂದ 36ರವರೆಗೆ. ಅವನ ಹೆಸರು ಕೆತ್ತಿದ ಒಂದು ಸುಣ್ಣಕಲ್ಲು 1961ರಲ್ಲಿ ಕೈಸರೈಯದ ಹಳೇ ರಂಗಮಂದಿರದಲ್ಲಿ ಸಿಕ್ಕಿತು. ಅದರ ಫೋಟೋ ಪ್ರಿಂಟ್ ಮಾಡಿಸಿ ತಂದೆ. ಕಲ್ಲಿನ ಎಡಭಾಗ ಒಡೆದುಹೋಗಿದೆ, ಉಳಿದ ಅಕ್ಷರಗಳ ಮೇಲೆ ಮಕ್ಕಳು ಒಬ್ಬೊಬ್ಬರಾಗಿ ಬೆರಳಿಟ್ಟು ನೋಡಿದರು. ಒಂದು ಕಾಲದಲ್ಲಿ, ಒಂದು ಊರಿನಲ್ಲಿ ನಿಜವಾಗಿ ನಡೆದದ್ದನ್ನು ನಾವು ನಂಬುತ್ತೇವೆ ಎಂದು ಹೇಳೋಕೆ ಆ ಹೆಸರು ಬೇಕೇ ಬೇಕು.

ಓದುತ್ತಾ ಹೋದ ಹಾಗೆ ನನ್ನ ಜೆರಾಕ್ಸ್ ಪದ್ಧತಿಯೇ ತಪ್ಪು ಅನ್ನಿಸಿತು. ಸುಮಾರು 350ರಲ್ಲಿ ಯೆರೂಸಲೇಮಿನ ಬಿಷಪ್ ಸಿರಿಲ್ ದೀಕ್ಷಾಸ್ನಾನಕ್ಕೆ ತಯಾರಾಗುವವರಿಗೆ, ಇದನ್ನು ಕಾಗದದಲ್ಲಿ ಬರೆಯಬೇಡಿ, ಹೃದಯದಲ್ಲಿ ಕೆತ್ತಿಕೊಳ್ಳಿ ಎಂದು ಹೇಳುತ್ತಾನೆ. ಅದಕ್ಕೂ ಹಿಂದಕ್ಕೆ ಹೋದರೆ ವಿಶ್ವಾಸ ಪ್ರಮಾಣದ ಬೇರು ಇರುವುದು ಪ್ರಶ್ನೆ ಮತ್ತು ಉತ್ತರದಲ್ಲಿ. ಮಿಲಾನಿನ ಬಿಷಪ್ ಅಂಬ್ರೋಸ್ 4ನೇ ಶತಮಾನದಲ್ಲೂ ಇದನ್ನು ವಿವರಿಸುತ್ತಾನೆ: ನೀರಿನಲ್ಲಿ ನಿಂತವನಿಗೆ ತಂದೆಯನ್ನು ನಂಬುತ್ತೀಯಾ ಎಂದು ಕೇಳುತ್ತಾರೆ, ನಂಬುತ್ತೇನೆ ಅನ್ನುತ್ತಾನೆ, ಮುಳುಗುತ್ತಾನೆ. ಆಮೇಲೆ ಮಗನನ್ನು, ಆಮೇಲೆ ಪವಿತ್ರಾತ್ಮನನ್ನು. ಮೂರು ಪ್ರಶ್ನೆ, ಮೂರು ಮುಳುಗು.

ಜೆರಾಕ್ಸ್ ಬಿಟ್ಟೆ. ಮಕ್ಕಳನ್ನು ಸುತ್ತ ಕೂರಿಸಿಕೊಂಡು ನಾನು ಕೇಳುತ್ತೇನೆ: "ಪರಲೋಕ ಭೂಲೋಕಗಳನ್ನು ಉಂಟುಮಾಡಿದ ತಂದೆಯನ್ನು ನಂಬುತ್ತೀಯಾ?" ಒಬ್ಬೊಬ್ಬರೇ "ನಂಬುತ್ತೇನೆ" ಅನ್ನಬೇಕು. ಇದು ಕನ್ನಡಕ್ಕೆ ಎಷ್ಟು ಚೆನ್ನಾಗಿ ಒಗ್ಗುತ್ತದೆ ನೋಡಿ. ಲ್ಯಾಟಿನ್‌ನಲ್ಲಿ 'ಕ್ರೇಡೊ' ಎಂಬ ಪದ ಎಲ್ಲಕ್ಕಿಂತ ಮೊದಲು ಬರುತ್ತದೆ, ನಮ್ಮಲ್ಲಿ 'ನಂಬುತ್ತೇನೆ' ಕೊನೆಗೆ ಬರುತ್ತದೆ. ಅಂದರೆ ದೇವರು ಯಾರು, ಏನು ಮಾಡಿದ ಎಂದು ಪೂರ್ತಿ ಕೇಳಿಸಿಕೊಂಡ ಮೇಲೆಯೇ ಮಗು ಬಾಯಿ ತೆರೆಯುತ್ತದೆ. ಒಂದು ಸಲ ಒಬ್ಬ ಹುಡುಗ ಎರಡನೇ ಪ್ರಶ್ನೆಗೆ ಸ್ವಲ್ಪ ಹೊತ್ತು ಸುಮ್ಮನೆ ಕೂತ. ನಾನೂ ಸುಮ್ಮನಿದ್ದೆ. ಆಮೇಲೆ ಮೆಲ್ಲಗೆ ಹೇಳಿದ. ಆ ಮೌನಕ್ಕಾಗಿ ನಾನು ಇವತ್ತಿಗೂ ದೇವರಿಗೆ ಸ್ತೋತ್ರ ಹೇಳುತ್ತೇನೆ.

ಪವಿತ್ರ ಭೋಜನದ ದಿನ ನಾವು ಹೇಳುವ ಉದ್ದದ ಪ್ರಮಾಣ ಬೇರೆ, ಅದು ನೈಸಿಯಾ ವಿಶ್ವಾಸ ಪ್ರಮಾಣ. ಅದರ ಕಥೆಗೆ ಮೂರು ಕ್ಲಾಸ್ ಬೇಕು. ಅಲೆಕ್ಸಾಂಡ್ರಿಯದ ಪಾದ್ರಿ ಆರಿಯಸ್ "ಮಗನು ಇಲ್ಲದಿದ್ದ ಕಾಲ ಒಂದಿತ್ತು" ಎಂದು ಕಲಿಸಿದ. ನಾವಿಕರಿಗೆ, ಹಿಟ್ಟು ಬೀಸುವವರಿಗೆ, ದಾರಿಹೋಕರಿಗೆ ಹಾಡು ಕಟ್ಟಿ ಹರಡಿದನಂತೆ. ಬೀಸುವ ಕಲ್ಲಿನ ಪದದಲ್ಲಿ ಕೂತದ್ದು ಅಷ್ಟು ಸುಲಭಕ್ಕೆ ಹೋಗುತ್ತದಾ? ಜಗಳ ಎಷ್ಟು ಬೆಳೆಯಿತೆಂದರೆ 325ರಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನ್ ಬಿಷಪ್ಪರನ್ನು ನೈಸಿಯಾಕ್ಕೆ, ಅಂದರೆ ಈಗಿನ ಟರ್ಕಿಯ ಇಜ್ನಿಕ್‌ಗೆ ಕರೆಸಿದ. ಅಲ್ಲಿ ಅವರು ಗ್ರೀಕ್‌ನಲ್ಲಿ ಮಗನನ್ನು 'ಹೋಮೊಊಸಿಯೋಸ್' ಅಂದರು, ತಂದೆ ಏನೋ ಮಗನೂ ಅದೇ ಎಂಬ ಅರ್ಥದಲ್ಲಿ.

"ಆ ಪದ ಬೈಬಲ್‌ನಲ್ಲಿ ಇದೆಯಾ?" ಎಂದು ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ. ಇಲ್ಲ. ಆಗಿನ ಬಿಷಪ್ಪರಲ್ಲೂ ಎಷ್ಟೋ ಜನಕ್ಕೆ ಇದೇ ಕಸಿವಿಸಿ. ಆದರೆ ಬೈಬಲಿನ ಯಾವ ಮಾತು ಇಟ್ಟರೂ ಆರಿಯಸ್ ಕಡೆಯವರು ಅದನ್ನು ತಮ್ಮ ಅರ್ಥದಲ್ಲಿ ಒಪ್ಪಿಕೊಳ್ಳುತ್ತಿದ್ದರು ಎಂದು ಆರಿಯಸ್‌ನ ಎದುರಾಳಿ, ಅಲೆಕ್ಸಾಂಡ್ರಿಯದ ಬಿಷಪ್ ಅಥನಾಸಿಯಸ್ ಬರೆದಿದ್ದಾನೆ. ಹಾಗಾಗಿ ಅವರು ಹೇಳಲಾಗದ ಒಂದು ಪದ ಬೇಕಾಯಿತು. ಮುಂದೆ ಕೆಲವರು ಅದಕ್ಕೆ ಒಂದು ಅಕ್ಷರ ಸೇರಿಸಿ 'ಹೋಮೊಇಊಸಿಯೋಸ್' ಎಂದರು. ಕನ್ನಡದಲ್ಲಿ ಹೇಳೋದಾದರೆ 'ಒಂದೇ' ಮತ್ತು 'ಒಂದೇ ತರ'. ಬೋರ್ಡಿನ ಮೇಲೆ ಈ ಎರಡನ್ನೂ ಬರೆದು ಸುಮ್ಮನೆ ನಿಂತರೆ ಸಾಕು, ಮಕ್ಕಳೇ ವಾದ ಶುರು ಮಾಡುತ್ತಾರೆ. ಆಮೇಲೆ ಒಂದು ಮೇಣದಬತ್ತಿಯಿಂದ ಇನ್ನೊಂದನ್ನು ಹಚ್ಚುತ್ತೇನೆ. ಮೊದಲನೆಯದರ ಬೆಳಕು ಕಡಿಮೆ ಆಯಿತಾ? ಎರಡನೆಯದು ಬೇರೆ ಜಾತಿಯ ಬೆಂಕಿಯಾ? "ಬೆಳಕಿನಿಂದ ಬೆಳಕು" ಎಂಬ ಮಾತನ್ನು ಆಗ ಹೇಳಿಸುತ್ತೇನೆ.

325ರ ಪ್ರಮಾಣ ಪವಿತ್ರಾತ್ಮನ ಹೆಸರು ಹೇಳಿ ಅಲ್ಲಿಗೇ ನಿಲ್ಲುತ್ತದೆ, ಕೆಳಗೆ ಶಾಪದ ಮಾತುಗಳು. ಸಭೆ, ದೀಕ್ಷಾಸ್ನಾನ, ಸತ್ತವರ ಪುನರುತ್ಥಾನ ಎಲ್ಲ ಸೇರಿರುವ ನಮ್ಮ ಪಾಠ 381ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಸೇರಿದ ಬಿಷಪ್ಪರ ಸಮ್ಮೇಳನದ್ದು. ಅದರಲ್ಲಿ ಪವಿತ್ರಾತ್ಮನು ತಂದೆಯಿಂದ ಹೊರಡುತ್ತಾನೆ ಎಂಬಲ್ಲಿ 'ಮಗನಿಂದಲೂ' ಎಂಬ ಮಾತು ಪಶ್ಚಿಮದ ಸಭೆಗಳಲ್ಲಿ ಮಾತ್ರ ಸೇರಿಕೊಂಡು, ರೋಮಿನ ಆರಾಧನೆಗೆ 1014ರಲ್ಲಿ ಬಂದದ್ದನ್ನು ಹತ್ತು ನಿಮಿಷದಲ್ಲಿ ಮುಗಿಸುತ್ತೇನೆ. ಆ ವಯಸ್ಸಿಗೆ ಜಾಸ್ತಿ ಬೇಡ.

ಒಂದು ವಿಷಯದಲ್ಲಿ ಮಾತ್ರ ಹಿರಿಯರೊಬ್ಬರಿಗೆ ಬೇಜಾರಾಯಿತು. ಹನ್ನೆರಡು ಅಪೊಸ್ತಲರು ಒಬ್ಬೊಬ್ಬರು ಒಂದೊಂದು ವಾಕ್ಯ ಹೇಳಿದರು ಎಂದೇ ಅವರು ಚಿಕ್ಕಂದಿನಿಂದ ಕೇಳಿದ್ದು. ಅಪೊಸ್ತಲರು ಸೇರಿ ಅಪೊಸ್ತಲರ ವಿಶ್ವಾಸ ಪ್ರಮಾಣವನ್ನು ರಚಿಸಿದರು ಎಂಬ ಕಥೆಯನ್ನು ಸುಮಾರು 404ರಲ್ಲಿ ಇಟಲಿಯ ಅಕ್ವಿಲೇಯ ಊರಿನ ಪಾದ್ರಿ ರುಫಿನಸ್ ಬರೆದಿಟ್ಟಿದ್ದಾನೆ, ಆದರೆ ಈಗಿನ ಪಾಠ ಪೂರ್ತಿಯಾಗಿ ಕಾಣಿಸುವುದು 8ನೇ ಶತಮಾನದಲ್ಲಿ. ಅವರ ಮನೆಗೇ ಹೋಗಿ ಕೂತು ಮಾತಾಡಿದೆ. "ಅಣ್ಣಾ, ಅವರ ಕೈಬರಹ ಅಲ್ಲದಿದ್ದರೂ ಅವರು ಸಾರಿದ್ದೇ ಇದು" ಅಂದೆ. ಕಾಫಿ ಕುಡಿಯುತ್ತಾ ತುಂಬ ಹೊತ್ತು ಯೋಚಿಸಿ, ಮುಂದಿನ ಭಾನುವಾರ ಕ್ಲಾಸಿಗೆ ಬಂದು ಹಿಂದಿನ ಬೆಂಚಿನಲ್ಲಿ ಕೂತರು.

ಈ ವಾರ 'ಪಾತಾಳಕ್ಕೆ ಇಳಿದು' ಎಂಬಲ್ಲಿಗೆ ಬಂದಿದ್ದೇವೆ. "ರೋಮಿನ ಪ್ರಮಾಣದಲ್ಲಿ ಆ ಮಾತಿಲ್ಲ, ನಮ್ಮ ಅಕ್ವಿಲೇಯದ ಪ್ರಮಾಣದಲ್ಲಿ ಇದೆ" ಎಂದು ಅದೇ ರುಫಿನಸ್ ಹೇಳುತ್ತಾನೆ. ಕ್ಲಾಸಿನ ಒಬ್ಬ ಹುಡುಗನ ಅಜ್ಜ ಹೋದ ತಿಂಗಳು ತೀರಿಕೊಂಡರು. ಯೇಸು ಅಲ್ಲಿಗೂ ಹೋಗಿದ್ದನಾ ಎಂದು ಅವನು ಈಗಾಗಲೇ ಎರಡು ಸಲ ಕೇಳಿದ್ದಾನೆ. ಅವನಿಗೋಸ್ಕರ ಇನ್ನೊಂದು ಭಾನುವಾರ ಇಟ್ಟುಕೊಂಡಿದ್ದೇನೆ.