ಮಣ್ಣು ಮುಚ್ಚುವ ಮೊದಲು

ನಗರಾಡಳಿತದ ಛಾಯಾಗ್ರಾಹಕ ಎಂದರೆ ಉದ್ಘಾಟನೆಯಲ್ಲಿ ಟೇಪು ಕತ್ತರಿಸುವ ಕೈಗಳ ಚಿತ್ರ ತೆಗೆಯುವವನು ಎಂದು ಬಹಳ ಜನ ತಿಳಿದಿದ್ದಾರೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಹಾಗೆಯೇ ತಿಳಿದಿದ್ದೆ. ಅದೂ ಮಾಡಬೇಕಾದ ಕೆಲಸವೇ. ಆದರೆ ಹತ್ತು ವರ್ಷ ಕಳೆದ ಮೇಲೆ ಆ ಚಿತ್ರಗಳನ್ನು ಕೇಳಿಕೊಂಡು ಯಾರೂ ಬರುವುದಿಲ್ಲ. ಜನ ಹುಡುಕಿಕೊಂಡು ಬರುವುದು ಕೆಲಸಕ್ಕೆಂದು ರಸ್ತೆ ಅಗೆದ ಗುಂಡಿಗಳ ಚಿತ್ರಗಳಿಗೆ.

ನೀರಿನ ಕೊಳವೆ, ಒಳಚರಂಡಿ, ಕೇಬಲ್ ಇವೆಲ್ಲ ಕಣ್ಣಿಗೆ ಬೀಳುವುದು ಎರಡು ಮೂರು ದಿನ ಮಾತ್ರ. ಮಣ್ಣು ಮುಚ್ಚಿ ಡಾಂಬರು ಹಾಕಿದರೆ ಮುಗಿಯಿತು. ನಕ್ಷೆಯಲ್ಲಿ ಗೆರೆ ನೇರವಾಗಿರುತ್ತದೆ, ನೆಲದಲ್ಲಿ ಕೊಳವೆ ಬಂಡೆಯನ್ನು ಬಳಸಿಕೊಂಡು ಹೋಗಿರುತ್ತದೆ. ಆ ಬಳಸು ದಾರಿಗೆ ಸಾಕ್ಷಿ ನಾನು ತೆಗೆದ ಚಿತ್ರವೊಂದೇ.

ಮೊದಲ ವರ್ಷ ನಾನು ಇಂಥದ್ದೊಂದು ಜಾಗದಲ್ಲಿ, ಎರಡು ಕೊಳವೆಗಳು ಕೂಡುವ ಕಡೆ, ಸಂಜೆ ಬಿಸಿಲಿನಲ್ಲಿ ಬಹಳ ಸೊಗಸಾದ ಚಿತ್ರ ತೆಗೆದೆ. ಎಂಜಿನಿಯರರು ಅದನ್ನು ನೋಡಿ, "ಚಿತ್ರ ಚೆನ್ನಾಗಿದೆ. ಇದು ಎಲ್ಲಿದೆ, ಎಷ್ಟು ಆಳದಲ್ಲಿದೆ?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಅಂದಿನಿಂದ ಪ್ರತಿ ಗುಂಡಿಗೂ ಕನಿಷ್ಠ ಮೂರು ಚಿತ್ರ. ಒಂದು ದೂರದಿಂದ: ಕಟ್ಟಡದ ಮೂಲೆಯೋ ಸೇತುವೆಯ ಕಂಬವೋ, ಸುಲಭವಾಗಿ ಜಾಗ ಬಿಟ್ಟು ಕದಲದ ಏನಾದರೊಂದು ಅದರಲ್ಲಿ ಕಾಣಬೇಕು. ಇನ್ನೊಂದು ಗುಂಡಿ ಪೂರ್ತಿ ಕಾಣುವಂತೆ. ಮೂರನೆಯದು ಹತ್ತಿರದಿಂದ, ಅಳತೆಕೋಲನ್ನು ಕೊಳವೆಯ ಪಕ್ಕದಲ್ಲಿಯೇ ನಿಲ್ಲಿಸಿ. ಕೋಲನ್ನು ಮುಂದಕ್ಕೆ, ಕ್ಯಾಮೆರಾದ ಕಡೆಗೆ ತಂದು ನಿಲ್ಲಿಸಿದರೆ ಹತ್ತಿರದ್ದು ದೊಡ್ಡದಾಗಿ ಕಂಡು ಅಳತೆಯೇ ಸುಳ್ಳಾಗುತ್ತದೆ.

ಬೆಳಕಿನ ವಿಷಯದಲ್ಲಿಯೂ ಕಲಿತದ್ದನ್ನು ಮರೆಯಬೇಕಾಯಿತು. ಸ್ಪರ್ಧೆಗೆ ಚಿತ್ರ ಕಳುಹಿಸುವವರು ಶಪಿಸುವ ಮೋಡದ ದಿನವೇ ಗುಂಡಿಗೆ ಹಬ್ಬ, ಏಕೆಂದರೆ ಬಿಸಿಲಿದ್ದರೆ ಅರ್ಧ ಗುಂಡಿ ಬೆಳ್ಳಗೆ, ಇನ್ನರ್ಧ ಕಪ್ಪು. ರಸ್ತೆಯ ಮೇಲ್ಮೈಗೆ ಮಾತ್ರ ಇದರ ತದ್ವಿರುದ್ಧ. ಸೂರ್ಯ ಕೆಳಗಿರುವ ಬೆಳಗಿನ ಓರೆ ಬಿಸಿಲಿನಲ್ಲಿ ತಗ್ಗು ದಿಣ್ಣೆಗಳು ನೆರಳು ಚೆಲ್ಲಿ ತಾವೇ ಎದ್ದು ಕಾಣುತ್ತವೆ. ಮಳೆ ನಿಂತು ರಸ್ತೆ ಒಣಗುವ ಹೊತ್ತು ಅದಕ್ಕಿಂತ ಒಳ್ಳೆಯದು: ಸುತ್ತ ಒಣಗಿದ ಮೇಲೂ ಬಿರುಕುಗಳಲ್ಲಿ ನೀರು ಉಳಿದಿರುತ್ತದೆ, ಒಂದೊಂದು ಬಿರುಕೂ ಕಪ್ಪು ಗೆರೆಯಾಗಿ ಕಾಣುತ್ತದೆ. ಆ ಅವಕಾಶ ಸಿಗುವುದು ಸ್ವಲ್ಪವೇ ಹೊತ್ತು.

ಬೀದಿದೀಪಗಳ ಕೆಲಸ ಬಂದಾಗ ಕ್ಯಾಮೆರಾವನ್ನು ಅದರ ಪಾಡಿಗೆ ಬಿಡಬಾರದು. ಬಿಟ್ಟರೆ ಅದು ಕತ್ತಲೆ ಬೀದಿಯನ್ನೂ ಬೆಳಗಿಸಿ ತೋರಿಸುತ್ತದೆ. ಆಗ ಹಳೆಯ ದೀಪಕ್ಕೂ ಹೊಸ ದೀಪಕ್ಕೂ ವ್ಯತ್ಯಾಸವೇ ಕಾಣದು. ಹಾಗಾಗಿ ಚಿತ್ರ ಎಷ್ಟು ಬೆಳ್ಳಗೆ ಬರಬೇಕೆಂದು ನಿರ್ಧರಿಸುವ ಅಪರ್ಚರ್, ಶಟರ್ ವೇಗ, ಐಎಸ್‌ಒ ಮೂರನ್ನೂ ಕೈಯಾರೆ ಹಾಕಿ ಬರೆದಿಟ್ಟುಕೊಳ್ಳುತ್ತೇನೆ. ದೀಪ ಬದಲಾದ ಮೇಲೆ ಅದೇ ಜಾಗದಲ್ಲಿ, ಅದೇ ಅಂಕಿಗಳಲ್ಲಿ ಮತ್ತೆ ತೆಗೆಯುತ್ತೇನೆ.

ಇನ್ನು ನನ್ನ ಮಾನ ಹೋದ ಪ್ರಸಂಗ. ಕ್ಯಾಮೆರಾವನ್ನು ಮೇಲಕ್ಕೆ ಓರೆ ಮಾಡಿದರೆ ಗೋಡೆಗಳು ಹಿಂದಕ್ಕೆ ವಾಲಿದಂತೆ ಕಾಣುತ್ತವೆ. ಅದನ್ನು ಕಂಪ್ಯೂಟರಿನಲ್ಲಿ ನೆಟ್ಟಗೆ ಮಾಡುವುದು ನನಗೆ ಅಭ್ಯಾಸವಾಗಿಬಿಟ್ಟಿತ್ತು. ಒಮ್ಮೆ ತಡೆಗೋಡೆಯೊಂದರ ಚಿತ್ರಗಳನ್ನೂ ಹಾಗೆಯೇ ತಿದ್ದಿ ಕೊಟ್ಟೆ. ಆ ಗೋಡೆ ನಿಜವಾಗಿಯೇ ವಾಲಿತ್ತು! ನನ್ನನ್ನು ಅಲ್ಲಿಗೆ ಕಳುಹಿಸಿದ್ದೇ ಅದು ಎಷ್ಟು ವಾಲಿದೆ ಎಂದು ದಾಖಲಿಸುವುದಕ್ಕೆ. ಈಗ ಚೀಲದಲ್ಲಿ ಗಾರೆಯವರ ತೂಗುಗುಂಡು ಇದೆ. ಚೌಕಟ್ಟಿನೊಳಗೆ ಅದನ್ನು ಇಳಿಬಿಟ್ಟರೆ ಯಾವುದು ನೆಟ್ಟಗಿದೆ ಎಂದು ದಾರವೇ ಹೇಳುತ್ತದೆ. ತಿದ್ದದ ಮೂಲ ಕಡತವನ್ನು ಎಂದಿಗೂ ಅಳಿಸುವುದಿಲ್ಲ.

ಈ ಕಸುಬಿನ ಹಿರಿಯರಲ್ಲಿ ನನಗೆ ಹತ್ತಿರವಾದವರು ಇಬ್ಬರು. ಪ್ಯಾರಿಸ್ ನಗರಕ್ಕಾಗಿ ದುಡಿದ ಚಾರ್ಲ್ಸ್ ಮಾರ್ವಿಲ್ 1860ರ ದಶಕದಲ್ಲಿ ಕೆಡವಲಿರುವ ಹಳೆಯ ಬೀದಿಗಳನ್ನು ದಾಖಲಿಸಿದರು, ಹೊಸ ದೀಪದ ಕಂಬಗಳನ್ನೂ ಅಷ್ಟೇ ಮನಸ್ಸಿಟ್ಟು ತೆಗೆದರು. ಇನ್ನೊಬ್ಬರು ಯೂಜೀನ್ ಡಿ ಸಾಲಿನ್ಯಾಕ್. 1906ರಿಂದ 1934ರವರೆಗೆ ನ್ಯೂಯಾರ್ಕಿನ ಸೇತುವೆ ಇಲಾಖೆಯ ಛಾಯಾಗ್ರಾಹಕರು. 1914ರಲ್ಲಿ ಬ್ರೂಕ್ಲಿನ್ ಸೇತುವೆಯ ತಂತಿಗಳ ಮೇಲೆ ಬಣ್ಣ ಬಳಿಯುವವರನ್ನು ಕೂರಿಸಿ ಅವರು ತೆಗೆದ ಚಿತ್ರ ಈಗ ಪ್ರಸಿದ್ಧ. ಆದರೆ ಅವರ ಹೆಸರು ದಶಕಗಳ ಕಾಲ ಮರೆತುಹೋಗಿತ್ತು. ಸುಮಾರು 20,000 ಚಿತ್ರಗಳು ಒಬ್ಬರವೇ ಎಂಬುದು 1999ರಲ್ಲಿ ನಗರದ ದಾಖಲೆಗಾರರೊಬ್ಬರ ಗಮನಕ್ಕೆ ಬಂತು. ನೆಗೆಟಿವ್‌ಗಳ ಮೇಲಿದ್ದ ಅಂಕಿಗಳು ಅವರಿಗೆ ಸುಳಿವಾದವು. ಇದನ್ನು ಓದಿದ ರಾತ್ರಿ ನಾನು ಎದ್ದು ನನ್ನ ಕಡತಗಳ ಹೆಸರುಗಳನ್ನು ನೋಡಿದೆ. "ಗುಂಡಿ ಹೊಸದು", "ಗುಂಡಿ ಹೊಸದು ಎರಡು", "ಗುಂಡಿ ಕೊನೆಯದು". ನಾಚಿಕೆಯಾಯಿತು.

ಈಗ ಕಡತದ ಹೆಸರು ದಿನಾಂಕದಿಂದ ಶುರುವಾಗುತ್ತದೆ, ನಂತರ ಬೀದಿ, ನಂತರ ಕ್ರಮಸಂಖ್ಯೆ. ಯಾವ ದಿಕ್ಕಿಗೆ ಮುಖ ಮಾಡಿ ತೆಗೆದೆ ಎಂಬುದನ್ನು ಅಂದು ಸಂಜೆಯೇ ಬರೆಯುತ್ತೇನೆ, ಮಾರನೆಯ ದಿನಕ್ಕೆ ಎಲ್ಲ ಗುಂಡಿಗಳೂ ಒಂದೇ ಥರ. ಪ್ರತಿಗಳು ಮೂರು, ಅವುಗಳಲ್ಲಿ ಒಂದು ಬೇರೆ ಕಟ್ಟಡದಲ್ಲಿ.

ಗುಂಡಿಗೆ ಹೋದಾಗ ಸುತ್ತಲಿನ ಬೀದಿಯನ್ನೂ ತೆಗೆಯುವುದು ಯಾರೂ ಹೇಳದೆ ನಾನೇ ಮಾಡಿಕೊಂಡ ರೂಢಿ. ಬಸ್ಸಿಗೆ ಕಾಯುವವರು, ಅಂಗಡಿಯ ಫಲಕಗಳು, ಅಗೆತವನ್ನು ದಾಟಲು ಹಾಕಿದ ಹಲಗೆಯ ಮೇಲೆ ಮುದುಕಿಯ ಕೈ ಹಿಡಿದ ಹುಡುಗ. ಗುಂಡಿಯೊಳಗೆ ಇಳಿದವರನ್ನು ತೆಗೆಯುವ ಮುನ್ನ ಕೇಳುತ್ತೇನೆ. ಕೆಲವರು ಬೇಡವೆನ್ನುತ್ತಾರೆ, ಆಗ ಅವರ ಕೈಗಳು ಮಾತ್ರ.

ಮೊದಲೆಲ್ಲ ನಾನೇ ಕೆಲಸದ ಜಾಗಗಳನ್ನು ಹುಡುಕಿಕೊಂಡು ಅಲೆಯುತ್ತಿದ್ದೆ. ಈಗ ಮೇಸ್ತ್ರಿಗಳೇ ಫೋನ್ ಮಾಡುತ್ತಾರೆ: "ನಾಳೆ ಎಂಟಕ್ಕೆ ಮುಚ್ಚುತ್ತೇವೆ, ಬನ್ನಿ." ಎಂಟು ಎಂದರೆ ನಾನು ಏಳಕ್ಕೇ ಅಲ್ಲಿರಬೇಕು. ಮಣ್ಣು ತಳ್ಳುವ ಯಂತ್ರ ಬಂದು ನಿಂತ ಮೇಲೆ ಅವರು ಯಾರಿಗೂ ಕಾಯುವವರಲ್ಲ.