ಅಮೆರಿಕದಲ್ಲಿ ಹಳೇ ಫೆಂಡರ್ ಆಂಪ್‌ಗೆ ಬಿಡಿಭಾಗ ಎಲ್ಲಿ ಹುಡುಕಬೇಕು?

ಅಮೆರಿಕದಲ್ಲಿ ಎಸ್‌ಪಿ ರಸ್ತೆ ಇಲ್ಲ. ಬೆಂಗಳೂರಿನಲ್ಲಾದರೆ ಸುಟ್ಟ ಕೆಪಾಸಿಟರನ್ನು ಜೇಬಿನಲ್ಲಿಟ್ಟುಕೊಂಡು ಆ ಎಲೆಕ್ಟ್ರಾನಿಕ್ಸ್ ಬೀದಿಗೆ ಹೋಗಿ "ಇಂಥದ್ದೇ ಒಂದು ಕೊಡಿ" ಅಂದರೆ ಕೆಲಸ ಆಗುತ್ತದೆ. ಇಲ್ಲಿ ಊರೂರಲ್ಲೂ ಎಲೆಕ್ಟ್ರಾನಿಕ್ಸ್ ಅಂಗಡಿ ಇಟ್ಟಿದ್ದ ರೇಡಿಯೋಶ್ಯಾಕ್ 2015ರಲ್ಲಿ ದಿವಾಳಿ ಎದ್ದಿತು. ಈಗ ಎಲ್ಲವನ್ನೂ ನಂಬರ್ ಹೇಳಿ ತರಿಸಿಕೊಳ್ಳಬೇಕು. ಗರಾಜ್ ಸೇಲಿನಲ್ಲಿ 60ರ ದಶಕದ ಫೆಂಡರ್ ಡೀಲಕ್ಸ್ ರಿವರ್ಬ್ ಎಂಬ ಗಿಟಾರ್ ಆಂಪ್ (ಆಂಪ್ಲಿಫೈಯರ್) ಸಿಕ್ಕಿತು ಅಂತಿಟ್ಟುಕೊಳ್ಳಿ. ದುಡ್ಡು ಬಿಚ್ಚುವ ಮೊದಲು ಅದರ ಮೇಲಿರುವ ನಂಬರುಗಳನ್ನು ಓದಿ.

ಪೆಟ್ಟಿಗೆಯ ಒಳಗೋಡೆಗೆ ಒಂದು ಕಾಗದ ಅಂಟಿಸಿರುತ್ತಾರೆ. ಯಾವ ಟ್ಯೂಬ್, ಅಂದರೆ ನಮ್ಮ ಹಳೇ ರೇಡಿಯೋದ ವಾಲ್ವ್, ಎಲ್ಲಿ ಕೂರಬೇಕು ಅಂತ ಅದರಲ್ಲಿದೆ. ಎಬಿ763 ಥರದ ಸರ್ಕ್ಯೂಟ್ ನಂಬರೂ ಇದೆ. ಮೂಲೆಯಲ್ಲಿ ಎರಡು ಅಕ್ಷರದ ಮುದ್ರೆ ಇದ್ದರೆ ಮೊದಲನೆಯದು ವರ್ಷ, ಎರಡನೆಯದು ತಿಂಗಳು. ಎ ಅಂದರೆ 1951ರಿಂದ ಲೆಕ್ಕ ಶುರು, ಹಾಗಾಗಿ 'ಓಇ' ಅಂದರೆ 1965ರ ಮೇ. ಟ್ರಾನ್ಸ್‌ಫಾರ್ಮರ್ ಮೇಲೆ 606518 ಅಂತಿದ್ದರೆ 606 ಶೂಮಾಕರ್ ಕಂಪನಿಯ ಗುರುತು, 5 ಅನ್ನುವುದು ವರ್ಷದ ಕೊನೆಯ ಅಂಕಿ, 18 ಅನ್ನುವುದು ಆ ವರ್ಷದ 18ನೇ ವಾರ. ಕಾಗದದ ತಾರೀಖಿಗೂ ಇದಕ್ಕೂ ತಾಳೆ ಆಗದಿದ್ದರೆ ಟ್ರಾನ್ಸ್‌ಫಾರ್ಮರ್ ಬದಲಾಗಿದೆ ಅಂತ ಅನುಮಾನಪಡಿ, ಬೆಲೆಯಲ್ಲೂ ಚೌಕಾಸಿ ಮಾಡಿ.

ರೆಸಿಸ್ಟರ್, ಕೆಪಾಸಿಟರ್‌ಗಳಿಗೆ ಮೌಸರ್, ಡಿಜಿಕೀ ಎಂಬ ಆನ್‌ಲೈನ್ ಅಂಗಡಿಗಳು ಸಾಕು. ಸಾಕೆಟ್, ನಾಬ್, ಪೆಟ್ಟಿಗೆಯ ಬಟ್ಟೆಯಂಥ ಆಂಪ್‌ಗೇ ಮೀಸಲಾದ ಸಾಮಾನಿಗೆ ಅರಿಜೋನಾದ ಆಂಟಿಕ್ ಎಲೆಕ್ಟ್ರಾನಿಕ್ ಸಪ್ಲೈ, ನಾರ್ತ್ ಕೆರೊಲಿನಾದ ಮೋಜೋಟೋನ್ ಇವೆ. ಹೊಸ ಟ್ರಾನ್ಸ್‌ಫಾರ್ಮರ್ ಬೇಕಾದರೆ ಹ್ಯಾಮಂಡ್, ಹೇಬೋಯರ್, ಮರ್ಕ್ಯುರಿ ಮ್ಯಾಗ್ನೆಟಿಕ್ಸ್ ನೋಡಿ. ಹೊರದೇಶದಿಂದ ನೀವೇ ತರಿಸುವುದಾದರೆ, 800 ಡಾಲರ್ ಒಳಗಿನ ಪಾರ್ಸೆಲ್‌ಗಿದ್ದ ಸುಂಕ ವಿನಾಯಿತಿ 2025ರ ಆಗಸ್ಟ್ 29ರಿಂದ ನಿಂತಿದೆ ಎನ್ನುವುದು ನೆನಪಿರಲಿ.

ಡೀಲಕ್ಸ್ ರಿವರ್ಬ್‌ಗೆ ಎರಡು 6ವಿ6, ನಾಲ್ಕು 12ಎಎಕ್ಸ್7, ಎರಡು 12ಎಟಿ7, ಒಂದು ಜಿಜೆಡ್34 ಟ್ಯೂಬ್ ಬೇಕು. ಹೊಸವು ಹೆಚ್ಚಾಗಿ ಸ್ಲೊವಾಕಿಯಾ, ರಷ್ಯಾ, ಚೀನಾದವು. ಹಳೇ ಆರ್‌ಸಿಎ, ಸಿಲ್ವೇನಿಯಾ ಟ್ಯೂಬ್‌ಗಳಿಗೆ ಆನ್‌ಲೈನಿನಲ್ಲಿ ಬಾಯಿಗೆ ಬಂದ ಬೆಲೆ. ನನ್ನ ಕೇಳಿದರೆ ಹ್ಯಾಮ್‌ಫೆಸ್ಟ್‌ಗೆ ಹೋಗಿ. ಇದು ಹ್ಯಾಮ್ ರೇಡಿಯೋ ಹವ್ಯಾಸಿಗಳ ಸಂತೆ. ನಿವೃತ್ತ ಎಂಜಿನಿಯರ್‌ಗಳು ಕಾರಿನ ಡಿಕ್ಕಿ ತೆರೆದು ಡಬ್ಬಗಟ್ಟಲೆ ಟ್ಯೂಬ್ ಮಾರುತ್ತಾರೆ. ಕೆಲವರ ಹತ್ತಿರ ಟೆಸ್ಟರ್ ಕೂಡ ಇರುತ್ತದೆ. ಅದರಲ್ಲಿ ಹಾಕಿ ತೋರಿಸಿ ಅಂತ ಕೇಳಲು ಸಂಕೋಚ ಬೇಡ. ಎಲ್ಲಕ್ಕಿಂತ ದೊಡ್ಡದು ಒಹಾಯೋದ ಜೀನಿಯಾದಲ್ಲಿ ಮೇ ತಿಂಗಳಲ್ಲಿ ನಡೆಯುವ ಹ್ಯಾಮ್‌ವೆನ್ಷನ್. ನಿಮ್ಮ ಊರಿನ ಹತ್ತಿರದ್ದು ಹ್ಯಾಮ್ ಹವ್ಯಾಸಿಗಳ ಎಆರ್‌ಆರ್‌ಎಲ್ ಸಂಘದ ಕ್ಯಾಲೆಂಡರಿನಲ್ಲಿ ಸಿಗುತ್ತದೆ. ಬೆಳಿಗ್ಗೆ ಬೇಗ ಹೋಗಿ, ನಗದು ಇಟ್ಟುಕೊಳ್ಳಿ.

12ಎಎಕ್ಸ್7 ನೀವೇ ಬದಲಾಯಿಸಬಹುದು. 6ವಿ6 ಹಾಕಿದರೆ ಬಯಾಸ್, ಅಂದರೆ ಟ್ಯೂಬಿನಲ್ಲಿ ಹರಿಯುವ ಕರೆಂಟಿನ ಮಟ್ಟ, ಸರಿಮಾಡಿಸಬೇಕು. ಒಳಗೆ ಮಾತ್ರ ಸುಮ್ನೆ ಕೈ ಹಾಕಬೇಡಿ. ಪ್ಲಗ್ ಕಿತ್ತ ಮೇಲೂ ವಿದ್ಯುತ್ ಕೂಡಿಟ್ಟುಕೊಳ್ಳುವ ಫಿಲ್ಟರ್ ಕೆಪಾಸಿಟರ್‌ಗಳಲ್ಲಿ 400 ವೋಲ್ಟ್‌ನಷ್ಟು ಕೂತಿರಬಹುದು. ಅವು ಮೊದಲಿನಿಂದ ಇದ್ದವೇ ಆದರೆ ಹಾಡು ಬರುತ್ತಿದ್ದರೂ ಬದಲಾಯಿಸಿ. ಎರಡು ಕಡ್ಡಿಯ ಪ್ಲಗ್ ತೆಗೆಸಿ ಅರ್ಥ್ ಇರುವ ಮೂರು ಕಡ್ಡಿಯದು ಹಾಕಿಸಿ.

ರಿಪೇರಿಯವರಲ್ಲಿ ಬಹಳ ಜನ 'ಬೆಂಚ್ ಫೀ' ಕೇಳುತ್ತಾರೆ, ಅಂದರೆ ಬಿಚ್ಚಿ ನೋಡುವುದಕ್ಕೇ ಮುಂಗಡ. ರಿಪೇರಿ ಮಾಡಿಸಿದರೆ ಅದನ್ನು ಬಿಲ್‌ನಲ್ಲಿ ಕಳೆಯುತ್ತಾರಾ ಅಂತ ಮೊದಲೇ ಕೇಳಿ. ತೆಗೆದ ಭಾಗಗಳನ್ನೆಲ್ಲ ಚೀಲದಲ್ಲಿ ಹಾಕಿ ಕೊಡಿ ಅಂತಲೂ ಹೇಳಿ. ಮಾರುವಾಗ ಕೊಳ್ಳುವವರು ಹಳೇ ಸ್ಪೀಕರ್, ಟ್ರಾನ್ಸ್‌ಫಾರ್ಮರ್ ಇದೆಯಾ ಅಂತ ವಿಚಾರಿಸುತ್ತಾರೆ.

ಊರಿಗೆ ಒಯ್ಯುವ ಯೋಚನೆ ಇದ್ದರೆ ಇನ್ನೊಂದು. ಇಲ್ಲಿನ ಆಂಪ್ 120 ವೋಲ್ಟಿನದು, ನಮ್ಮಲ್ಲಿ 230. ನೇರ ಚುಚ್ಚಿದರೆ ಟ್ರಾನ್ಸ್‌ಫಾರ್ಮರ್ ಹೊಗೆ. ವೋಲ್ಟೇಜ್ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ನಮ್ಮ 50 ಹರ್ಟ್ಜ್‌ನಲ್ಲಿ ಆಂಪಿನ ಟ್ರಾನ್ಸ್‌ಫಾರ್ಮರ್ ಸ್ವಲ್ಪ ಜಾಸ್ತಿ ಬಿಸಿಯಾಗುತ್ತದೆ, ಹಾಗಾಗಿ ಹಿಂಭಾಗವನ್ನು ಗೋಡೆಗೆ ಒತ್ತಿ ಇಡಬೇಡಿ.