ಬಿದರಿ ಉಳಿಯಿಂದ ಎಂಐ-17ರ ಗೆರೆ ಕೊರೆದೆ: ನನ್ನ ಅನುಭವ

ಕೊನೆಗೂ ಆಯಿತು. ಕಿಟ್ ತಂದು, ಬಿಡಿಭಾಗ ಜೋಡಿಸಿ ಮಾಡಿದ ನನ್ನ ಎಂಐ-17 ಹೆಲಿಕಾಪ್ಟರಿನ ಪ್ಲಾಸ್ಟಿಕ್ ಮಾದರಿ ಈಗ ಶೋಕೇಸಿನಲ್ಲಿ ನಿಂತಿದೆ. ಬಾಲದ ಸುತ್ತ ಇರುವ ಪ್ಯಾನೆಲ್ ಲೈನಿನಲ್ಲಿ (ತಗಡುಗಳು ಕೂಡುವ ಕಡೆಯ ಸಣ್ಣ ಗೆರೆ) ಉಗುರು ಆಡಿಸಿದರೆ ಎಲ್ಲೂ ತಡೆಯುವುದಿಲ್ಲ. "ಬಿದರಿ ಉಳಿ ಹಿಡದು ಪ್ಲಾಸ್ಟಿಕ್ ಕೊರೀತಿಯೇನು? ಕಿಟ್ ಹಾಳಾಗ್ತದ ನೋಡು" ಅಂದಿದ್ದರು ಹೈದರಾಬಾದಿನ ಗೆಳೆಯರು. ಹಾಳಾಗಲಿಲ್ಲ.

ಬೀದರಿನಲ್ಲಿ ವಾಯುಪಡೆಯ ಹಾಕ್ ತರಬೇತಿ ವಿಮಾನಗಳು ದಿನಾ ತಲೆ ಮೇಲೆ ಹಾರುತ್ತವೆ. ಆದರೂ ನನಗೆ ಚಿಕ್ಕಂದಿನಿಂದ ಹೆಲಿಕಾಪ್ಟರ್ ಹುಚ್ಚು. ಅದರಲ್ಲೂ ಎಂಐ-17. 1999ರಲ್ಲಿ ಕಾರ್ಗಿಲ್‌ಗೆ ರಾಕೆಟ್ ಹೊತ್ತು ಹೋದ ಗಾಡಿ ಇದು. 1/72ರಲ್ಲಿ, ಅಂದರೆ ನಿಜವಾದದ್ದರ 72ರಲ್ಲಿ ಒಂದು ಪಾಲಿನ ಅಳತೆಯಲ್ಲಿ, ರೋಟರ್ ಅಡ್ಡಳತೆ ಹೆಚ್ಚುಕಡಿಮೆ ಒಂದಡಿ. ಕಿಟ್ ತರುವವರಿಗೆ ಒಂದು ಮಾತು: ಬಾಲದ ರೋಟರ್ ಎಡಕ್ಕಿದ್ದರೆ ಎಂಐ-17, ಬಲಕ್ಕಿದ್ದರೆ ಹಳೇ ಎಂಐ-8. ಕಡಿಮೆ ಬೆಲೆಗೆ ಸಿಕ್ಕಿತೆಂದು ಎಂಐ-8 ತಂದರೆ ಆಮೇಲೆ ಒದ್ದಾಡಬೇಕಾಗುತ್ತದೆ. ನಮ್ಮ ವಾಯುಪಡೆಯಲ್ಲಂತೂ ಎಂಐ-8 ಈಗಿಲ್ಲ. 2017ರ ಡಿಸೆಂಬರಿನಲ್ಲಿ ಯಲಹಂಕದಲ್ಲಿ ಅದನ್ನು ಬೀಳ್ಕೊಟ್ಟರು.

ಕಾಕ್‌ಪಿಟ್, ಎಂಜಿನ್ ಎಲ್ಲ ಸರಾಗವಾಗಿ ಹೋಯಿತು. ನನ್ನನ್ನು ಕಾಡಿದ್ದು ಬಾಡಿಯ ಎರಡು ಹೋಳು ಕೂಡುವ ಸೀಮ್. ಬೆನ್ನ ಮೇಲೂ ಹೊಟ್ಟೆಯಲ್ಲೂ ಬಾಲದ ತುದಿವರೆಗೆ ಅದೇ. ಆ ಸಂದು ತುಂಬಿ ಉಜ್ಜಿದರೆ ಅಡ್ಡ ಬರುವ ಗೆರೆಗಳೆಲ್ಲ ಅಳಿಸುತ್ತವೆ. ಮತ್ತೆ ಕೊರೆಯಲೇಬೇಕು.

ಮೊದಲ ಕಿಟ್ ಇಲ್ಲಿಯೇ ಹೋಯಿತು. ಕಾರ್ ಪೇಂಟಿಂಗ್ ಅಂಗಡಿಯ ಎನ್‌ಸಿ ಪುಟ್ಟಿ (ಸಂದು ತುಂಬುವ ಮೆತ್ತು) ತುಂಬಿದ್ದೆ. ಒಣಗಿದ ಮೇಲೆ ಚೆನ್ನಾಗಿಯೇ ಕಾಣುತ್ತಿತ್ತು. ಗೆರೆ ಹಾಕಿದೊಡನೆ ಅಂಚು ಬಿಸ್ಕತ್ತಿನ ಹಾಗೆ ಪುಡಿಯಾಯಿತು. ಇನ್ನೊಂದಿಷ್ಟು ದಪ್ಪಗೆ ಬಳಿದೆ. ಅದರ ಥಿನ್ನರ್ ಪ್ಲಾಸ್ಟಿಕ್ಕನ್ನೇ ಮೆತ್ತಗೆ ಮಾಡಿ ಬಾಲ ಸೊಟ್ಟಗಾಯಿತು. 2,800 ರೂಪಾಯಿ ನೀರಿಗೆ ಹಾಕಿದ ಹಾಗಾಯಿತು. ಎರಡನೇ ಕಿಟ್ ತರಲು ಮನೆಯಲ್ಲಿ ಹೇಳುವುದಕ್ಕೆ ಎರಡು ತಿಂಗಳು ಬೇಕಾಯಿತು.

ಎರಡನೆಯದಕ್ಕೆ ಸೂಪರ್ ಗ್ಲೂ ಜೊತೆ ಟಾಲ್ಕಂ ಪೌಡರ್ ಕಲಸಿ ತುಂಬಿದೆ. ಗೆರೆ ಕೊರೆಯುವುದಿದ್ದರೆ ಇದೇ ಸರಿ. ಗಂಟೆಯೊಳಗೆ ಉಜ್ಜಿಬಿಡಬೇಕು, ರಾತ್ರಿ ಬಿಟ್ಟರೆ ಕಲ್ಲಾಗುತ್ತದೆ. 400ರ ವಾಟರ್ ಪೇಪರಿನಿಂದ ಶುರು ಮಾಡಿ 1000ಕ್ಕೆ ನಿಲ್ಲಿಸಿದೆ. ಇನ್ನು ಕೊರೆಯುವುದು. ಹೊಲಿಗೆ ಸೂಜಿಯಿಂದ ಕೊರೆದರೆ ಎರಡೂ ಕಡೆ ಪ್ಲಾಸ್ಟಿಕ್ ಉಬ್ಬಿ ಏಳುತ್ತದೆ. ಆನ್‌ಲೈನಿನಲ್ಲಿ 2,200ಕ್ಕೆ ತರಿಸಿದ, ಗೆರೆ ಕೊರೆಯುವ ಸ್ಕ್ರೈಬರ್ ಮೂತಿ ಒಂದೇ ವಾರಕ್ಕೆ ಮುರಿಯಿತು. ಹೊಟ್ಟೆ ಉರಿಯಿತು.

ಅದೇ ವಾರ ಚೌಬಾರಾ ಹತ್ತಿರ ಬಿದರಿ ಕೆಲಸದ ಚಾಚಾ ಹೂದಾನಿ ಕೆತ್ತುತ್ತಿದ್ದರು. ನಿಂತು ನೋಡಿದೆ. ಸತು, ತಾಮ್ರದ ಪಾತ್ರೆಗೆ ಮೊದಲು ಮೈಲುತುತ್ತಿನ ನೀರು ಸವರಿ ಕಪ್ಪು ಮಾಡುತ್ತಾರೆ. ಆಮೇಲೆ ಉಳಿ ಹೋದಲ್ಲೆಲ್ಲ ಬಿಳಿ ಗೆರೆ ಹೊಳೆಯುತ್ತದೆ. ನಾನು ಜೇಬಿನಿಂದ ಬಾಲದ ತುಂಡು ತೆಗೆದು ತೋರಿಸಿದೆ. ಬೂದು ಪ್ಲಾಸ್ಟಿಕ್ಕಿನ ಮೇಲೆ ಬೆಳ್ಳಗಿನ ಗ್ಲೂ. ಚಾಚಾ ಬೆಳಕಿಗೆ ಹಿಡಿದು ನೋಡಿದರು. "ಏನ್ ಕಾಣ್ತದಂತ ಕೊರೀತಿ ತಮ್ಮಾ? ಮೊದ್ಲ ಕರೀ ಮಾಡು" ಅಂದರು. ಹಳೇ ಉಳಿಯೊಂದನ್ನು 150 ರೂಪಾಯಿಗೆ ಕೊಟ್ಟರು.

ಮನೆಗೆ ಬಂದವನೇ ಪರ್ಮನೆಂಟ್ ಮಾರ್ಕರ್ ಬಳಿದೆ. ಗೆರೆ ಅದ್ಭುತವಾಗಿ ಬಂತು. ಆದರೆ ಮಾರ್ಕರ್ ಶಾಯಿ ಬೂದು ಪೇಂಟಿನ ಮೇಲೂ ನೇರಳೆಯಾಗಿ ಒಸರಿತು! ಎರಡು ಕೋಟ್ ಹೊಡೆದರೂ ಮುಚ್ಚಲಿಲ್ಲ. ಎಲ್ಲ ಕಿತ್ತು ತೆಗೆದೆ. ಈಗ ಕಪ್ಪು ಅಕ್ರಿಲಿಕ್ಕನ್ನು ತೆಳ್ಳಗೆ ಮಾಡಿ ಸವರುತ್ತೇನೆ, ಕೊರೆದ ಮೇಲೆ ಸ್ಪಿರಿಟ್‌ನಿಂದ ಒರೆಸುತ್ತೇನೆ. ಪಕ್ಕದಲ್ಲಿ ದಪ್ಪ ಲೇಬಲ್ ಟೇಪ್ ಒತ್ತಿ, ಉಳಿಯನ್ನು ಸುತ್ತಿಗೆ ಇಲ್ಲದೆ ಬರೀ ಕೈಯಿಂದ ನನ್ನ ಕಡೆಗೆ ಎಳೆಯುತ್ತೇನೆ. ಒತ್ತಡ ಸುಮ್ನೆ ಪೆನ್ಸಿಲ್ ಹಿಡಿದಷ್ಟು. ಒಂದು ಗೆರೆಗೆ ಹತ್ತು ಹನ್ನೆರಡು ಎಳೆತ. ಕಪ್ಪಿನ ನಡುವೆ ಬೂದು ದಾರ ಎದ್ದು ಕಾಣುತ್ತದೆ, ಜಾರಿದರೆ ಅಲ್ಲೇ ಗೊತ್ತಾಗುತ್ತದೆ. ಪ್ಲಾಸ್ಟಿಕ್ ಕೂದಲೆಳೆಯ ಹಾಗೆ ಸುರುಳಿ ಸುರುಳಿಯಾಗಿ ಬರುತ್ತದೆ, ಉಬ್ಬುವುದಿಲ್ಲ. ಉಳಿಯ ಮೂತಿಯನ್ನು ಯಾವ ಕೋನಕ್ಕೆ ಮಸೆದೆ ಎಂಬುದು ಮಾತ್ರ ನನ್ನ ಹತ್ತಿರವೇ ಇರಲಿ. ಆರು ಸಲ ಮಸೆದು ಕಂಡುಕೊಂಡದ್ದು. ಸುಮಾರು ನಲವತ್ತು ಗೆರೆಯಲ್ಲಿ ಕೆಟ್ಟದ್ದು ಮೂರೇ.

ನಡುವೆ ಬೇರೆ ಪ್ರಯೋಗಗಳೂ ನಡೆದವು. ಮಾದರಿ ಧೂಳು ಹಿಡಿದ ಹಾಗೆ ಕಾಣಲು ಹಚ್ಚುವ ಬಣ್ಣದ ಪುಡಿಗೆ ದುಡ್ಡು ಯಾಕೆ ಕೊಡಬೇಕು, ನಮ್ಮೂರ ಕೆಂಪು ಜಂಬಿಟ್ಟಿಗೆ ಇದೆಯಲ್ಲ ಅಂತ ಕುಟ್ಟಿ, ಮಲ್ ಬಟ್ಟೆಯಲ್ಲಿ ಸೋಸಿದೆ. ಚಕ್ರಕ್ಕೂ ಹೊಟ್ಟೆಗೂ ಬ್ರಷ್‌ನಿಂದ ಉಜ್ಜಿದಾಗ ಚೆನ್ನಾಗಿತ್ತು. ವಾರ್ನಿಶ್ ಬಿದ್ದದ್ದೇ ಕಾವಿ ಬಣ್ಣಕ್ಕೆ ತಿರುಗಿತು. ಒಂದು ಭಾಗಕ್ಕೆ ಮೂರು ಭಾಗ ಸೀಮೆಸುಣ್ಣದ ಪುಡಿ ಬೆರೆಸಿದ ಮೇಲೆ ಸರಿಯಾಯಿತು. ನಿಂತ ಹೆಲಿಕಾಪ್ಟರಿನ ರೆಕ್ಕೆ ತನ್ನ ಭಾರಕ್ಕೇ ಬಾಗಿರುತ್ತದೆ ಅಲ್ವಾ? ಐದೂ ರೆಕ್ಕೆಗಳನ್ನು ಬಿಸಿನೀರಿನಲ್ಲಿ ಅದ್ದಿ, ದೊಡ್ಡ ಡಬ್ಬಿಯ ಬೆನ್ನಿಗೆ ಕಟ್ಟಿ ತಣಿಸಿದೆ. ಒಂದೇ ಡಬ್ಬಿ ಬಳಸಿ, ಇಲ್ಲದಿದ್ದರೆ ಐದೂ ಬೇರೆ ಬೇರೆ ಬಾಗುತ್ತವೆ.

ವಾಯುಪಡೆಯ ಗುರುತಿನ ಡೆಕಲ್ (ನೀರಿನಲ್ಲಿ ನೆನೆಸಿ ಅಂಟಿಸುವ ಚಿತ್ರ) ಮನೆಯಲ್ಲೇ ಪ್ರಿಂಟ್ ಮಾಡಿದೆ. ಇಂಕ್‌ಜೆಟ್ ಬಿಳಿ ಹಾಕುವುದಿಲ್ಲ, ಅದಕ್ಕೇ ಬಾಡಿಯ ಮೇಲೆ ಮೊದಲು ಬಿಳಿ ವೃತ್ತ ಹೊಡೆದುಕೊಂಡೆ. ಮೊದಲ ಹಾಳೆಗೆ ಕ್ಲಿಯರ್ ಸ್ಪ್ರೇ ಹೊಡೆಯದೆ ನೀರಿಗೆ ಹಾಕಿದ್ದೆ. ಕೇಸರಿಯೂ ಹಸಿರೂ ಬೆರೆತು ಹೋದವು. ಎರಡನೆಯದಕ್ಕೆ ಮೂರು ಕೋಟ್ ಹೊಡೆದು ಒಂದು ರಾತ್ರಿ ಬಿಟ್ಟೆ, ನಿಂತಿತು.

ಲೆಕ್ಕ ಹೇಳಬೇಕೆಂದರೆ, ಎರಡು ಕಿಟ್‌ಗೆ 5,700, ಮುರಿದ ಸ್ಕ್ರೈಬರ್ 2,200, ಪೇಂಟ್, ಥಿನ್ನರ್ ಒಂದೂವರೆ ಸಾವಿರ, ಡೆಕಲ್ ಹಾಳೆ ಐನೂರು. ಒಟ್ಟು ಹತ್ತು ಸಾವಿರದ ಹತ್ತಿರ. ಅದರಲ್ಲಿ ಕೆಲಸ ಗೆಲ್ಲಿಸಿದ್ದು 150ರ ಉಳಿ.

ಹೋದ ತಿಂಗಳು ಹೈದರಾಬಾದಿಗೆ ಒಯ್ದಿದ್ದೆ. ಗೆಳೆಯರು ಟಾರ್ಚ್ ಹಾಕಿ ಬೆನ್ನಿನ ಸೀಮ್ ಹುಡುಕಿದರು, ಸಿಗಲಿಲ್ಲ. ಈಗ ಮೂವರಿಗೆ ಉಳಿ ಬೇಕಂತೆ. ಚಾಚಾ ಒಂದಕ್ಕೆ 200 ಹೇಳಿದ್ದಾರೆ. ಮಸೆಯುವುದನ್ನು ನಾನೇ ಮಾಡಿ ಕೊಡುತ್ತೇನೆ.